ಕಲ್ಲಪ್ಪನಿಗೆ ಹಾಕಬಾರದಿದ್ದ ಔಷಧಿ

ಪಾಲಾಕ್ಷಪ್ಪನ ಕಣ್ಣಿಗೆ ಅದು ಮೊದಲು ಬಿದ್ದದ್ದು ಹೆಬ್ಬಾವಿನ ನೀರಿನ ಬೋಗುಣಿಯಲ್ಲಿ. ಹುಬ್ಬಳ್ಳಿಯಿಂದ ಬಂದ ಹೊಸ ಹಾವು ಬೆಳಗಿನಿಂದ ನೀರೊಳಗೇ ಸುರುಳಿ ಸುತ್ತಿಕೊಂಡು ಬಿದ್ದಿತ್ತು, ಮೇಲೇಳುವ ಮನಸ್ಸೇ ಇದ್ದಂತಿರಲಿಲ್ಲ. ಅದನ್ನು ಎತ್ತಿ ಪಕ್ಕಕ್ಕಿಟ್ಟು ನೀರು ಚೆಲ್ಲಲು ಹೋದರೆ ತಳದಲ್ಲಿ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆಗಳು. ಒಂದಿಷ್ಟನ್ನು ಬೆರಳಿನಿಂದ ಬಳಿದು ಧೋತರದ ಅಂಚಿಗೆ ಒರೆಸಿ ನೋಡಿದ. ಬಿಳಿ ಬಟ್ಟೆಯ ಮೇಲೆ ಒಂದು ಚುಕ್ಕೆ ಮೆಲ್ಲಗೆ ನಡೆಯತೊಡಗಿತು.

ನುಸಿ. ಕುರಿಯ ಮೈಮೇಲಿನ ಉಣ್ಣಿ, ಹೇನು, ಕಜ್ಜಿಹುಳ ಎಲ್ಲದರ ಜೊತೆಗೂ ಆಯುಷ್ಯ ಕಳೆದ ಮನುಷ್ಯನಿಗೆ ಹಾವಿನ ನುಸಿಯ ಗುರುತು ಹಿಡಿಯಲು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ರಕ್ತ ಹೀರುವ ಜಾತಿಗೆಲ್ಲ ನಡಿಗೆ ಒಂದೇ.

ತೆಲಿಗಿಯಲ್ಲಿ ಕುರಿ ಹಿಂಡು ಇಟ್ಟಿದ್ದ ಪಾಲಾಕ್ಷಪ್ಪ ಹೆಂಡತಿ ತೀರಿಕೊಂಡ ಮೇಲೆ ಹಿಂಡನ್ನು ತಮ್ಮನಿಗೆ ಬಿಟ್ಟು ಹಗರಿಬೊಮ್ಮನಹಳ್ಳಿಯ ಮಗನ ಮನೆ ಸೇರಿದ್ದ. ಮಗ ಹುಲುಗೇಶನಿಗೆ ಸ್ಟೇಷನ್ ರಸ್ತೆಯಲ್ಲಿ ಬಣ್ಣದ ಮೀನಿನ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದಿನ ಕೋಣೆಯಲ್ಲಿ ಅವನ ಹುಚ್ಚು: ಪರದೇಶದ ಪುಟ್ಟ ಹೆಬ್ಬಾವುಗಳು, ದೊಡ್ಡ ಓತಿಕ್ಯಾತದಂಥ ಹಸಿರು ಇಗ್ವಾನಾಗಳು. ಎಲ್ಲಕ್ಕೂ ಸರಕಾರದ ಕಾಗದಪತ್ರ ಇದ್ದವು. ಆದರೂ ಕುರಿ ಕಾಯುವವರ ಮಗ ಹಾವು ಕಾಯುತ್ತಾನೆ ಅಂತ ಓಣಿಯವರು ನಗುತ್ತಿದ್ದರು. ಮೊದಮೊದಲು ಪಾಲಾಕ್ಷಪ್ಪನೂ ಮೂಗು ಮುರಿದ. ಉಣ್ಣೆ ಕೊಡದ, ಹಾಲು ಕೊಡದ, ಕರೆದರೆ ತಿರುಗಿಯೂ ನೋಡದ ಈ ಜೀವಗಳನ್ನು ಯಾತಕ್ಕೆ ಸಾಕಬೇಕೋ ಅವನಿಗೆ ತಿಳಿಯಲಿಲ್ಲ. ಆದರೆ ಮೈಯಲ್ಲಿ ಬಲ ಇರುವ ಮುದುಕ ಎಷ್ಟು ದಿನ ಅಂತ ಕಟ್ಟೆಯ ಮೇಲೆ ಕೂತಾನು? ನೀರು ಬದಲಿಸುವುದು, ಪೆಟ್ಟಿಗೆ ತೊಳೆಯುವುದು, ಹಾವನ್ನು ಮೊಣಕೈಗೆ ಸುತ್ತಿಕೊಂಡು ಬಿಸಿಲು ಕಾಯಿಸುವುದು, ಹೀಗೆ ಒಂದೊಂದೇ ಕೆಲಸ ಅವನ ಕೈಗೆ ಬಂದಿತ್ತು.

ಆ ಕೋಣೆಯಲ್ಲಿ ಹುಲುಗೇಶನದಲ್ಲದ್ದು ಒಂದೇ ಒಂದು, ಕಲ್ಲಪ್ಪ. ಕಲ್ಲಪ್ಪ ಅಂದರೆ ರೊಟ್ಟಿ ಹಂಚಿನಷ್ಟು ಅಗಲದ ಒಂದು ನೆಲದಾಮೆ. ನಮ್ಮ ಹೊಲಗಳಲ್ಲಿ ಸಿಗುವ ನಕ್ಷತ್ರ ಆಮೆಯಲ್ಲ, ಅದನ್ನು ಮನೆಯಲ್ಲಿಟ್ಟರೆ ಅರಣ್ಯ ಇಲಾಖೆಯವರು ನಮ್ಮನ್ನೂ ಸೇರಿಸಿ ಒಯ್ಯುತ್ತಾರೆ. ಇದು ಆಫ್ರಿಕಾದ್ದು. ಅಂಗೈಯಲ್ಲಿ ಹಿಡಿಸುವಷ್ಟಿದ್ದಾಗ ಗಿರಾಕಿಯೊಬ್ಬ ಬೇಡವೆಂದು ಅಂಗಡಿಯಲ್ಲಿ ಬಿಟ್ಟುಹೋಗಿದ್ದನ್ನು ಸೊಸೆ ಮಂಜಮ್ಮ ಎತ್ತಿಕೊಂಡಿದ್ದಳು. ಮದುವೆಯಾದ ಮೇಲೆ ಅವಳಿಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಆ ದಿನಗಳಲ್ಲಿ ಅವಳು ಯಾರ ಜೊತೆಗೂ ಮಾತಾಡದೆ ಇದರ ಮುಂದೆ ಕೂತು ದಾಸವಾಳದ ಹೂವು ತಿನ್ನಿಸುತ್ತಿದ್ದಳಂತೆ. ಮಾತು ಕೇಳಿಸಿಕೊಳ್ಳುತ್ತದೆ, ತಿರುಗಿ ಏನೂ ಅನ್ನುವುದಿಲ್ಲ, ಅದಕ್ಕೇ ಕಲ್ಲಪ್ಪ.

ಈಗ ಮಂಜಮ್ಮನಿಗೆ ದಿನ ತುಂಬಿತ್ತು. ರಕ್ತದೊತ್ತಡ ಏರಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರು, ಹುಲುಗೇಶ ಅಲ್ಲೇ ಇದ್ದ. ಹೊರಡುವ ಮುಂಚೆ ಈ ಮನೆಯಲ್ಲಿ ಒಂದು ಮಾತು ನಡೆದಿತ್ತು. ಮಂಜಮ್ಮ ತಾಲೂಕು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು, ಗುತ್ತಿಗೆಯ ಕೆಲಸ, ಬಾಣಂತನ ಮುಗಿಸಿ ಬೇಗ ಹಿಂದಿರುಗದಿದ್ದರೆ ಜಾಗ ಇನ್ನೊಬ್ಬರ ಪಾಲು. ಕೂಸನ್ನು ಹಗಲು ನೋಡಿಕೊಳ್ಳುವವರು ಯಾರು? ಆಯಾ ಇಡೋಣ ಅಂದ ಹುಲುಗೇಶ. ಮಾವ ಇರುವಾಗ ಪರರು ಯಾಕೆ ಅಂದಳು ಮಂಜಮ್ಮ. ಹುಲುಗೇಶ ಅಪ್ಪನ ಮುಖಕ್ಕೇ ಹೇಳಿದ, "ಅಪ್ಪಗ ಪ್ರೀತಿ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಏನಾದ್ರೂ ಬಾಯಿ ಬಿಟ್ಟು ಹೇಳ್ತಾನೇನು? ಬೀಪಿ ಗುಳಿಗಿ ತೀರಿ ತಿಂಗಳಾದ್ರೂ ಹೇಳಲಿಲ್ಲ, ಅಂಗಡ್ಯಾಗ ಬಿದ್ದಾಗ ಗೊತ್ತಾತು."

ಅದು ಖರೆಯೇ. ಬೀಳುವಾಗ ಮೀನಿನ ತೊಟ್ಟಿಯೊಂದನ್ನೂ ಕೆಡವಿ ಬಿದ್ದಿದ್ದ.

"ಮಾವ ಈ ಸಲ ಎಲ್ಲಾ ಹೇಳ್ತಾರ," ಅಂದಿದ್ದಳು ಮಂಜಮ್ಮ. "ಹೌದಿಲ್ರಿ ಮಾವ? ನಾವು ಬರೋತನಕ ಈ ಜೀವ ನೋಡ್ಕೊಳ್ರಿ. ಆಮ್ಯಾಲೆ ಕೂಸು ನಿಮ್ಮ ಕೈಯಾಗ."

ಪಾಲಾಕ್ಷಪ್ಪನಿಗೆ ಅವತ್ತಿನಿಂದ ಬೇರೆ ಯೋಚನೆಯೇ ಇರಲಿಲ್ಲ. ಸ್ವಂತ ಮಕ್ಕಳು ಬೆಳೆಯುವಾಗ ಅವನು ವರ್ಷದ ಅರ್ಧ ಹಿಂಡಿನ ಜೊತೆ ಅಡವಿಯಲ್ಲಿದ್ದವನು. ತಿರುಗಿ ಬಂದಾಗ ಹುಲುಗೇಶ ಅವನನ್ನು ಕಂಡು ಅತ್ತು ಅವ್ವನ ಸೆರಗಿನಲ್ಲಿ ಅಡಗುತ್ತಿದ್ದ. ಒಂದು ಕೂಸು ತನ್ನ ಗುರುತು ಹಿಡಿದು ನಗಬೇಕು, ತನ್ನ ಹೆಗಲ ಮೇಲೆ ನಿದ್ದೆ ಹೋಗಬೇಕು ಎಂಬುದು ಅವನ ಆಸೆ. ಆಸೆಯೇನು, ಹಸಿವು ಅನ್ನಿ.

ಹಾಗಾಗಿ ನುಸಿ ಕಂಡ ಕೂಡಲೇ ಫೋನು ಹಚ್ಚಿದ. ತನಗೇ ಮೆಚ್ಚುಗೆಯಾಗುವಷ್ಟು ಬೇಗ ಹಚ್ಚಿದ.

"ನನ್ನ ತಪ್ಪು," ಅಂದ ಹುಲುಗೇಶ. "ಹೊಸ ಹಾವು ಬ್ಯಾರೆ ಕೋಣ್ಯಾಗ ಇಡಬೇಕಿತ್ತು, ಗಡಿಬಿಡ್ಯಾಗ ಅಲ್ಲೇ ಇಟ್ಟುಬಂದೆ. ಚಲೋ ನೋಡಿದಿ ಅಪ್ಪ." ಎಷ್ಟು ವರ್ಷವಾಗಿತ್ತೋ ಮಗನ ಬಾಯಿಂದ ಅಂಥ ಮಾತು ಕೇಳಿ.

ಹರಪನಹಳ್ಳಿಯಲ್ಲಿ ನಾಗೇಂದ್ರಪ್ಪ ಅಂತ ನಿವೃತ್ತ ಪಶುವೈದ್ಯರು, ಇಂಥ ಪ್ರಾಣಿಗಳ ವಿಷಯ ಓದಿಕೊಂಡವರು ಈ ಕಡೆಗೆ ಅವರೊಬ್ಬರೇ. ಹುಲುಗೇಶ ಅವರನ್ನು ಕೇಳಿ ಮತ್ತೆ ಫೋನು ಮಾಡಿದ. ಪೆಟ್ಟಿಗೆಯೊಳಗಿನ ಕಟ್ಟಿಗೆ, ತೆಂಗಿನ ನಾರು ಎಲ್ಲ ಸುಡಬೇಕು. ಪೆಟ್ಟಿಗೆಗಳನ್ನು ಕುದಿಯುವ ನೀರಲ್ಲಿ ತೊಳೆದು ಬರೀ ಪೇಪರ್ ಹಾಸಬೇಕು, ದಿನಾ ಬದಲಿಸಬೇಕು. ಔಷಧಿಯನ್ನು ಡಾಕ್ಟರೇ ತೆಳ್ಳಗೆ ಹದ ಮಾಡಿ ಹರಪನಹಳ್ಳಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಾರೆ.

"ಹಾವಿಗೆ, ಇಗ್ವಾನಾಕ್ಕ ಬಾಯಾಗ ಬಿಡು. ತೂಕಕ್ಕ ಎಷ್ಟು ಅಂತ ಸೀಸೆ ಮ್ಯಾಲೆ ಬರದಾರ. ಆಮಿಗೆ ಮಾತ್ರ ಹಾಕಬ್ಯಾಡ. ಕಲ್ಲಪ್ಪಗ ಒಂದು ಹನಿನೂ ಬ್ಯಾಡ, ತಿಳೀತಿಲ್ಲೋ?"

"ಯಾಕ?"

"ಆಮ್ಯಾಲೆ ಹೇಳ್ತೀನಪ್ಪ, ನರ್ಸು ಕರಿಯಾಕತ್ತಾರ."

ಕೇಳಿಸಲಿಲ್ಲ ಅಂತ ಪಾಲಾಕ್ಷಪ್ಪ ಮುಂದೆ ಯಾವತ್ತೂ ಹೇಳುವ ಹಾಗಿರಲಿಲ್ಲ. ಚೆನ್ನಾಗಿಯೇ ಕೇಳಿಸಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಸೀಸೆ ಕೈಗೆ ಬಂತು. ಮುಚ್ಚಳ ತೆಗೆದು ಮೂಸಿದ, ಇಂಗ್ಲಿಷಿನಲ್ಲಿದ್ದ ಹೆಸರನ್ನು ಓದಿಸಿ ಕೇಳಿದ. ಐವರ್ಮೆಕ್ಟಿನ್. ಅಯ್ಯೋ, ಇದು ಅವನ ಹಳೇ ನೆಂಟ. ಪ್ರತಿ ಮಳೆಗಾಲದ ಮುಂಚೆ ಹಿಂಡಿಗೆಲ್ಲ ಇದೇ ಔಷಧಿ. ಅವನು ಈ ಕೈಯಿಂದ ಎಷ್ಟು ಸಾವಿರ ಕುರಿಯ ಬಾಯಿ ಅಗಲಿಸಿಲ್ಲ.

ಕೆಲಸಕ್ಕೆ ಕೂತ. ತೊಳೆದ, ಸುಟ್ಟ, ಪೇಪರ್ ಹಾಸಿದ. ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಸಿರಿಂಜಿನಿಂದ ಬಾಯಿಗೆ ಬಿಟ್ಟ. ಔಷಧಿ ಹಾಕಿದ ಕುರಿಯ ನೆತ್ತಿಗೆ ಕೆಮ್ಮಣ್ಣು ಬಳಿಯುವುದು ರೂಢಿ, ಯಾವುದಕ್ಕೆ ಹಾಕಿದ್ದಾಯಿತು, ಯಾವುದು ಉಳಿಯಿತು ತಿಳಿಯಲಿ ಅಂತ. ಅದೇ ರೂಢಿಯಂತೆ ಒಂದೊಂದು ಪೆಟ್ಟಿಗೆಯ ಮುಚ್ಚಳಕ್ಕೂ ಕೆಂಪು ಬೊಟ್ಟು ಇಟ್ಟುಕೊಂಡು ಬಂದ. ಮುಗಿಸಿ ಸೊಂಟ ನೆಟ್ಟಗೆ ಮಾಡಿ ನೋಡಿದರೆ ಕೋಣೆಯ ತುಂಬ ಕೆಂಪು ಬೊಟ್ಟು, ಮೂಲೆಯಲ್ಲಿ ಕಲ್ಲಪ್ಪನ ಕಟಕಟೆ ಒಂದು ಬೋಳು.

ಆ ಬೋಳು ಅವನನ್ನು ಕಾಡತೊಡಗಿತು. ಒಂದನ್ನು ಬಿಟ್ಟರೆ ಹಿಂಡಿಗೆ ಔಷಧಿ ಹಾಕಿದ ಹಾಗಲ್ಲ. ಇದನ್ನು ಅವನಿಗೆ ಅವನ ಅಪ್ಪ ಬೆತ್ತದ ರುಚಿ ತೋರಿಸಿ ಕಲಿಸಿದ್ದ. ಉಳಿದ ಒಂದರ ಮೈಯಲ್ಲಿ ಹುಳ ಅಡಗಿ ಕೂತು ಮತ್ತೆ ಹಿಂಡನ್ನೆಲ್ಲ ಏರುತ್ತದೆ. ತೆಲಿಗಿಯಲ್ಲಿ ಬೀರಲಿಂಗ ದೇವರ ಹೆಸರಿಗೆ ಬಿಟ್ಟ ಟಗರು ಇತ್ತು. ಅದರ ಉಣ್ಣೆ ಕತ್ತರಿಸುವಂತಿಲ್ಲ, ಮಾರುವಂತಿಲ್ಲ, ಅದಕ್ಕೆ ಕೋಲು ಎತ್ತುವಂತಿಲ್ಲ. ಔಷಧಿಯ ದಿನ ಮಾತ್ರ ದೇವರ ಟಗರಿಗೂ ಮಾಫಿ ಇರಲಿಲ್ಲ, ಕೈಮುಗಿದು ಬಾಯಿ ಅಗಲಿಸುತ್ತಿದ್ದರು. ಹಾಗಿರುವಾಗ ಈ ಕಲ್ಲಪ್ಪ ಯಾವ ದೊಡ್ಡ ದೇವರು?

ಮಗ ಯಾಕೆ ಬೇಡ ಅಂದ? ಪಾಲಾಕ್ಷಪ್ಪ ತನಗೆ ತಾನೇ ಉತ್ತರ ಕೊಟ್ಟುಕೊಂಡ. ಸೊಸೆಯ ಮುದ್ದಿನ ಪ್ರಾಣಿ, ಕಹಿ ಔಷಧಿಗೆ ಸಂಕಟಪಟ್ಟೀತು ಅಂತ ಕನಿಕರ. ಹೊಸ ಕುರಿಗಾರರು ಮಾಡುವ ತಪ್ಪೇ ಅದು, ಮುದ್ದಿನ ಮರಿಯನ್ನು ಬಿಟ್ಟು ಉಳಿದದ್ದಕ್ಕೆ ಹಾಕುವುದು. ಇವನು ಬಗ್ಗಿ ಆಮೆಯ ಹಿಂಗಾಲಿನ ಮಡಿಕೆಯಲ್ಲಿ ಹುಡುಕಿದ. ಒಂದು ಕರಿ ಚುಕ್ಕೆ ಕಂಡಿತು. ನುಸಿಯೋ ಮಣ್ಣೋ ಸರಿಯಾಗಿ ನೋಡಲಿಲ್ಲ, ಯಾಕೆಂದರೆ ಅವನಿಗೆ ಬೇಕಾಗಿದ್ದು ಒಂದು ಕರಿ ಚುಕ್ಕೆ.

ಆಮೆಯ ಬಾಯಿ ಅಗಲಿಸಲು ಬರಲಿಲ್ಲ. ಹಿತ್ತಿಲಿನಿಂದ ದಾಸವಾಳ ಕಿತ್ತು ತಂದು, ತೂಕಕ್ಕೆ ತಕ್ಕಷ್ಟು ಔಷಧಿಯನ್ನು ಹೂವಿನೊಳಗೆ ಬಿಟ್ಟು ಮುಂದೆ ಹಿಡಿದ. ಕಲ್ಲಪ್ಪ ಕತ್ತು ಉದ್ದ ಮಾಡಿ ಬಂದು ಹೂವನ್ನು ಪೂರ್ತಿ ತಿಂದು, ಇನ್ನೂ ಇದೆಯೇನೋ ಅಂತ ಅವನ ಬೆರಳನ್ನು ಮೂಸಿತು. ಪಾಲಾಕ್ಷಪ್ಪ ನಕ್ಕು ಅದರ ಚಿಪ್ಪಿನ ಮೇಲೆ ಕೆಮ್ಮಣ್ಣಿನ ಬೊಟ್ಟು ಇಟ್ಟ. ಆ ದಿನ ಊಟ ರುಚಿಸಿತು.

ನುಸಿ ಹೋಯಿತು. ಅದೇನೋ ಖರೆ. ಹಾವುಗಳು ನೀರು ಬಿಟ್ಟು ಮೇಲೆ ಬಂದವು, ಪೇಪರಿನ ಮೇಲೆ ಕರಿ ಚುಕ್ಕೆ ಕಾಣಲಿಲ್ಲ. ಆದರೆ ಕಲ್ಲಪ್ಪ ಹೂವಿಗೆ ಬರುವುದನ್ನು ಬಿಟ್ಟಿತು. ಮೊದಲು ಸೋಮಾರಿತನ ಅಂದುಕೊಂಡ. ಮರುದಿನ ಹೋಗಿ ನೋಡಿದರೆ ನಾಲ್ಕೂ ಕಾಲು ಹೊರಗೆ ಚಾಚಿ, ಕತ್ತು ನೆಲಕ್ಕೆ ಹಾಕಿ ಬಿದ್ದಿತ್ತು. ಮೂಗಿನ ಮೇಲೆ ಬೆರಳಿಟ್ಟ. ಆಮೆ ಅಂದಮೇಲೆ ತಲೆಯನ್ನು ಒಳಗೆಳೆದುಕೊಳ್ಳಬೇಕು. ಎಳೆದುಕೊಳ್ಳಲಿಲ್ಲ. ಕಣ್ಣು ಮಾತ್ರ ತೆರೆದಿತ್ತು, ಅವನನ್ನೇ ನೋಡುತ್ತಿತ್ತು. ಕಾಲು ಹಿಡಿದು ಎತ್ತಿ ಬಿಟ್ಟರೆ ಹಸಿ ಬಟ್ಟೆಯ ಹಾಗೆ ಬಿತ್ತು.

ಪಾಲಾಕ್ಷಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಡಾಕ್ಟರ ನಂಬರು ಫೋನಿನಲ್ಲಿತ್ತು. ಒತ್ತಲು ಬೆರಳು ಹೋಯಿತು. ಒತ್ತಿದರೆ ಅವರು ಹುಲುಗೇಶನಿಗೆ ಹೇಳುತ್ತಾರೆ. ಫೋನನ್ನು ಜೇಬಿಗೆ ಹಾಕಿಕೊಂಡ. ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದ. ಬೆಚ್ಚಗಿನ ನೀರಲ್ಲಿ ಕೂರಿಸಿದ, ಬಿಸಿಲಿಗಿಟ್ಟ, ಬೆಲ್ಲದ ನೀರನ್ನು ಬಾಯಂಚಿಗೆ ಹಚ್ಚಿದ. ನೀರು ಹಾಗೇ ಸೋರಿ ಹೋಯಿತು.

ಸಂಜೆ ಹುಲುಗೇಶನ ಫೋನು ಬಂತು. ಮಂಜಮ್ಮನ ಬೀಪಿ ಇಳಿದಿಲ್ಲ, ಆಪರೇಷನ್ ಮಾಡಬಹುದು ಅನ್ನುತ್ತಿದ್ದಾರೆ ಅಂದ. ದನಿ ಸೋತಿತ್ತು. "ಮನ್ಯಾಗ ಎಲ್ಲಾ ಚಲೋ ಅದಾವಿಲ್ಲೋ ಅಪ್ಪ?"

"ಅದಾವ."

"ಕಲ್ಲಪ್ಪ? ಮಂಜಿ ಕೇಳಾಕತ್ತಾಳ."

"ಅದಾನ. ಹೂವು ತಿಂದ."

ಈ ಹೊತ್ತಿನಲ್ಲಿ ಹೇಳಿದರೆ ಅವರಿಗೆ ಇನ್ನಷ್ಟು ಸಂಕಟ, ಅದಕ್ಕೇ ಹೇಳಲಿಲ್ಲ ಅಂತ ಪಾಲಾಕ್ಷಪ್ಪ ತನ್ನನ್ನು ನಂಬಿಸಿಕೊಂಡ. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಹೇಳಿದರೆ ಕೂಸು ತನ್ನ ಕೈಗೆ ಬರುವುದಿಲ್ಲ ಎಂಬ ಹೆದರಿಕೆ ಅದರ ಕೆಳಗೆ ಕೂತಿತ್ತು, ಅದು ಅವನಿಗೂ ಗೊತ್ತಿತ್ತು. ಮರುದಿನವೂ ಕೇಳಿದರು, ಮರುದಿನವೂ ಅದಾನ ಅಂದ. ಒಂದು ಸಲ ಹೇಳಿದ ಸುಳ್ಳನ್ನು ಎರಡನೇ ಸಲ ಹೇಳುವುದು ಎಷ್ಟು ಸಲೀಸು ಅಂತ ಅವನಿಗೇ ಅಸಹ್ಯವಾಯಿತು. ಕಲ್ಲಪ್ಪ ಉಸಿರಾಡುವುದು ನಿಧಾನವಾಗುತ್ತಿತ್ತು. ಒಂದು ಉಸಿರಿನಿಂದ ಇನ್ನೊಂದಕ್ಕೆ ಕಾಯುತ್ತ ಇವನೇ ಉಸಿರು ಹಿಡಿದು ಕೂರುತ್ತಿದ್ದ.

ಹೆಣ್ಣು ಕೂಸು ಹುಟ್ಟಿತು. ತಾಯಿ, ಮಗು ಸುಖ. ಮರುದಿನ ಬಟ್ಟೆಬರೆ ಒಯ್ಯಲೆಂದು ಹುಲುಗೇಶ ಪೇಡೆ ಹಿಡಿದುಕೊಂಡೇ ಮನೆಗೆ ಬಂದ. ಅಪ್ಪನ ಬಾಯಿಗೆ ಪೇಡೆ ಇಟ್ಟು, "ನಿನ್ನ ಮೂಗು ಬಂದೈತಿ ನೋಡಪ್ಪ ಅದಕ್ಕ," ಅಂತ ನಕ್ಕು, ಹಾವುಗಳನ್ನು ನೋಡಲು ಹಿಂದಿನ ಕೋಣೆಗೆ ಹೋದ. ಪಾಲಾಕ್ಷಪ್ಪ ಬಾಗಿಲಲ್ಲೇ ನಿಂತ. ಈಗ ಹೇಳಬೇಕು, ಈಗ, ಅಂದುಕೊಳ್ಳುತ್ತ ನಿಂತ.

ಹುಲುಗೇಶ ಮುಚ್ಚಳಗಳ ಮೇಲಿನ ಕೆಂಪು ಬೊಟ್ಟು ನೋಡಿ ಮೆಚ್ಚಿ ತಲೆಯಾಡಿಸಿದ. ಕುರಿಗಾರನ ಮಗ, ಅದರ ಅರ್ಥ ಗೊತ್ತು. ಆಮೇಲೆ ಅವನ ಕಣ್ಣು ಮೂಲೆಗೆ ಹೋಯಿತು. ಚಿಪ್ಪಿನ ಮೇಲೆ ಕೆಂಪು ಬೊಟ್ಟು.

ಹುಲುಗೇಶ ಆಮೆಯನ್ನು ಎತ್ತಿದ, ಜೋತುಬಿದ್ದ ಕತ್ತನ್ನು ಕೈಯಿಂದ ಆಧರಿಸಿದ, ಹಳೇ ಟವೆಲಿನಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟು, "ಹತ್ತು," ಅಂತ ಬೈಕಿನ ಕಿಕ್ಕರ್ ಒದ್ದ.

ಕೊಟ್ಟೂರು ದಾಟಿ ಹರಪನಹಳ್ಳಿ ಮುಟ್ಟುವವರೆಗೆ ಪಾಲಾಕ್ಷಪ್ಪ ಟವೆಲನ್ನು ಎದೆಗೊತ್ತಿಕೊಂಡು ಕೂತಿದ್ದ. ರಸ್ತೆಯ ಗುಂಡಿಗೆ ಬೈಕು ಹಾರಿದಾಗಲೆಲ್ಲ ಒಳಗೆ ಏನಾದರೂ ಅಲುಗೀತೇ ಅಂತ ಬೆರಳಿನಿಂದ ಹುಡುಕುತ್ತಿದ್ದ.

ನಾಗೇಂದ್ರಪ್ಪನವರು ಮೇಜಿನ ಮೇಲೆ ಇಟ್ಟು ನೋಡಿದರು. ಬಾಯಿ ತೆರೆದು ಸಣ್ಣ ನಳಿಕೆ ಇಳಿಸಿ ಗಾಳಿ ಊದಿದರು. ಬಹಳ ಹೊತ್ತು ಊದಿದರು. ಆಮೇಲೆ ನಳಿಕೆ ತೆಗೆದು ಕೈ ತೊಳೆದುಕೊಂಡರು.

"ಹಾವಿಗೆ ತಡಿಯೋ ಔಷಧಿ ಆಮಿಗೆ ತಡಿಯಂಗಿಲ್ಲ," ಅಂದರು. "ಮಿದುಳಿಗೇ ಹೋಗಿಬಿಡ್ತದ. ಕೈಕಾಲು ಸೋಲ್ತಾವ, ಕಡೀಗೆ ಉಸಿರು ಸೋಲ್ತದ. ಬಿದ್ದ ದಿನಾನ ತಂದಿದ್ರ ಹಿಂಗ ಗಾಳಿ ಕೊಟ್ಕೊಂತ ವಿಷ ಇಳಿಯೋತನಕ ಕಾಯಬಹುದಿತ್ತು. ಉಳೀತಿತ್ತು ಅಂತ ಹೇಳಂಗಿಲ್ಲ. ಉಳಿಯೋ ದಾರಿ ಇತ್ತು."

ತಿರುಗಿ ಬರುವಾಗ, ಕೊಟ್ಟೂರಿಗಿಂತ ಮುಂಚೆ ಜೋಳದ ಹೊಲಗಳ ನಡುವೆ, ಹುಲುಗೇಶ ಬೈಕು ನಿಲ್ಲಿಸಿದ. ಇಳಿದು ರಸ್ತೆಯಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಪಾಲಾಕ್ಷಪ್ಪ ಟವೆಲಿನ ಗಂಟನ್ನು ಹಿಡಿದುಕೊಂಡೇ ಕೂತಿದ್ದ.

"ಹಾಕಿದ್ದಕ್ಕ ಸಿಟ್ಟಿಲ್ಲಪ್ಪ," ಅಂದ ಹುಲುಗೇಶ. "ಯಾಕ ಬ್ಯಾಡ ಅಂತ ನಾನೂ ಬಿಡಿಸಿ ಹೇಳಲಿಲ್ಲ. ನಿನ್ನ ರೂಢಿ ನನಗ ಗೊತ್ತೈತಿ. ಆದ್ರ ದಿನಾ ಕೇಳಿದ್ನಲ್ಲ. ಹೂವು ತಿಂದ ಅಂದಿ."

"ಮಂಜವ್ವಗ ಅಂಥಾ ಹೊತ್ತಿನ್ಯಾಗ..."

"ಕೂಸು ಮಂಚದಿಂದ ಬಿದ್ದು ತಲಿಗೆ ಪೆಟ್ಟು ಬಿತ್ತು ಅನ್ನು. ಆಗೂ ಹಿಂಗ ಸುಮ್ಕಿರ್ತೀಯಾ?"

ಇಲ್ಲ ಅನ್ನಲು ಪಾಲಾಕ್ಷಪ್ಪ ಬಾಯಿ ತೆರೆದ. ಸುಮ್ಮನಿರುತ್ತಿದ್ದೆನೇನೋ. ಎಣ್ಣೆ ಹಚ್ಚಿ, ಅರಿಸಿನ ಹಚ್ಚಿ, ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ, ಸಂಜೆ ಅವರು ಬಂದಾಗ ಹಾಲು ಕುಡಿದು ಮಲಗೈತಿ ಅನ್ನುತ್ತಿದ್ದೆನೇನೋ. ತನ್ನ ಮೈಯ ಒಳಗೇ ಇಂಥವನೊಬ್ಬ ಮನುಷ್ಯ ಇದ್ದಾನೆ ಅಂತ ಅವನಿಗೆ ಆ ರಸ್ತೆಯ ಮೇಲೆ ತಿಳಿಯಿತು.

ಹುಲುಗೇಶ ತಿರುಗಿ ಬಂದು ಬೈಕು ಏರಿದ. "ಮಂಜಿಗೆ ಹೇಳಬ್ಯಾಡ. ಹಸೀ ಬಾಣಂತಿ. ತಾನಾಗಿ ಸತ್ತಿತು ಅಂತೀನಿ. ಕೂಸಿಗೆ ಆಯಾನ್ನ ಹುಡುಕ್ತೀನಿ, ಅದಕ್ಕೂ ಏನರ ನೆವ ಹೇಳಿದ್ರಾತು," ಅಂದು ಬೈಕು ಚಾಲೂ ಮಾಡಿದ. ಕಲ್ಲಪ್ಪನನ್ನು ಹಿತ್ತಿಲಲ್ಲಿ ದಾಸವಾಳದ ಗಿಡದ ಬುಡಕ್ಕೆ ಹೂತರು.

ಬಾಣಂತನ ನೀಲಗುಂದದ ತವರಿನಲ್ಲಿ. ಮಂಜಮ್ಮ ಆಸ್ಪತ್ರೆಯಿಂದ ಅಲ್ಲಿಗೆ ಬಂದ ಮೇಲೆ ಒಂದು ಭಾನುವಾರ ಹುಲುಗೇಶ ಅಪ್ಪನನ್ನು ಕರೆದುಕೊಂಡು ಹೋದ. ಅಪ್ಪ ಬರದಿದ್ದರೆ ಅವಳಿಗೆ ಸಂಶಯ ಬರುತ್ತದೆ ಅಂತಲೇ ಕರೆದೊಯ್ದ. ಮಂಜಮ್ಮನ ತಾಯಿ ಕೊಟ್ರಬಸಮ್ಮ ಚಾಪೆ ಹಾಸಿ ನೀರು ಕೊಟ್ಟಳು. ಒಳಗಿನಿಂದ ಮಂಜಮ್ಮ ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಬಂದಳು. ಮುಖ ಬಿಳಿಚಿತ್ತು, ಕಣ್ಣು ಮಾತ್ರ ನಗುತ್ತಿದ್ದವು.

"ಕಲ್ಲಪ್ಪನ ಸುದ್ದಿ ಕೇಳಿದೆ ಮಾವ," ಅಂದಳು. "ನೀವು ಭಾಳ ಅತ್ತಿರಂತ, ಇವರು ಹೇಳಿದ್ರು. ಅದರ ಋಣ ಅಷ್ಟ ಇತ್ತು, ನೀವೇನು ಮಾಡ್ತೀರಿ. ನೋಡ್ರಿ ಇಲ್ಲಿ, ನಿಮ್ಮ ಮೂಗ ಹೊತ್ಕೊಂಡು ಬಂದಾಳ." ಕೂಸನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು. "ತಗೊಳ್ರಿ."

ಕೂಸು ನಿದ್ದೆಯಲ್ಲಿ ತುಟಿ ಚಪ್ಪರಿಸುತ್ತಿತ್ತು. ಪಾಲಾಕ್ಷಪ್ಪನ ಕೈಗಳು ತಾವಾಗಿಯೇ ಮೇಲೆದ್ದವು. ಬೇಕಾದದ್ದು ಒಂದು ಮಾರು ದೂರದಲ್ಲಿತ್ತು, ತೆಗೆದುಕೊಂಡರೆ ಮುಗಿಯಿತು. ಹುಲುಗೇಶ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಪಾಲಾಕ್ಷಪ್ಪ ಕೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ.

"ಯವ್ವಾ, ಮೊದಲ ಒಂದು ಮಾತು ಕೇಳು. ಆಮ್ಯಾಲೆ ಕೊಡೋದು ಬಿಡೋದು ನಿಂಗ ಬಿಟ್ಟಿದ್ದು."

"ಅಪ್ಪ," ಅಂದ ಹುಲುಗೇಶ.

"ಕಲ್ಲಪ್ಪ ತಾನಾಗಿ ಸಾಯಲಿಲ್ಲ. ಬ್ಯಾಡ ಅಂದ ಔಷಧಿ ನಾನ ಹಾಕಿದೆ, ಹೂವಿನ್ಯಾಗ ಇಟ್ಟು. ಬಿದ್ದದ್ದು ನೋಡಿದೆ. ನೀವು ದಿನಾ ಕೇಳಿದ್ರಿ, ಚಲೋ ಅದಾನ ಅಂದೆ. ಅವತ್ತ ಹೇಳಿದ್ರ ಉಳಿಯೋ ದಾರಿ ಇತ್ತಂತ. ಹೇಳಿದ್ರ ಈ ಕೂಸು ನನ್ನ ಕೈಗೆ ಕೊಡಂಗಿಲ್ಲ ಅಂತ ಹೆದರಿ ಹೇಳಲಿಲ್ಲ."

ಕೊಟ್ರಬಸಮ್ಮ ಚೊಂಬು ಹಿಡಿದು ಬಾಗಿಲಲ್ಲೇ ನಿಂತಳು. ಮಂಜಮ್ಮ ಮಾವನ ಮುಖವನ್ನು ನೋಡಿದಳು, ಆಮೇಲೆ ಗಂಡನನ್ನು, ಮತ್ತೆ ಮಾವನನ್ನು. ಬೈಯುತ್ತಾಳೆ ಅಂತ ಪಾಲಾಕ್ಷಪ್ಪ ಕಾದ, ಬೈದರೆ ಹಗುರಾಗುತ್ತಿತ್ತು. ಅವಳ ಕಣ್ಣು ತುಂಬಿಕೊಂಡವು. ಮುಂದೆ ಚಾಚಿದ್ದ ಕೈಗಳನ್ನು ಮೆಲ್ಲಗೆ ಹಿಂದಕ್ಕೆಳೆದು ಕೂಸನ್ನು ಎದೆಗೆ ಹಾಕಿಕೊಂಡಳು.

"ಊಟ ಮಾಡ್ಕೊಂಡು ಹೋಗ್ರಿ ಮಾವ," ಅಂದು ಒಳಗೆ ಹೋದಳು.